ದಂಡಿನ ಅಂಗಿ, ಹಾಡುಗಾರನ ಮೈ



ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಮದುವೆಯ ಮೆರವಣಿಗೆ ಹೊರಟಿತೆಂದರೆ ಮುಂದೆ ಬ್ಯಾಂಡ್‌ಸೆಟ್ಟಿನವರು ಇರುತ್ತಾರೆ. ಅವರ ಉಡುಪನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಕೆಂಪು ಕೋಟು, ಹೆಗಲ ಮೇಲೆ ಜರಿಪಟ್ಟಿ, ಎದೆಯ ಮೇಲೆ ಹೊಳೆಯುವ ಗುಂಡಿಗಳ ಸಾಲು, ತಲೆಗೊಂದು ಟೋಪಿ. ಊದುವುದು ಸಿನಿಮಾ ಹಾಡು, ತೊಟ್ಟಿರುವುದು ಸಿಪಾಯಿಯ ಉಡುಪು. ಮದುವೆಗೂ ದಂಡಿಗೂ ಎತ್ತಣಿಂದೆತ್ತ ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಅಷ್ಟರಮಟ್ಟಿಗೆ ಅದು ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿದೆ.

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಬಂದ ‘ಓಯಸಿಸ್’ ವಾದ್ಯತಂಡದ ಗಾಯಕ ಲಿಯಾಮ್ ಗ್ಯಾಲಹರ್ 2009ರಲ್ಲಿ ‘ಪ್ರೆಟಿ ಗ್ರೀನ್’ ಎಂಬ ಹೆಸರಿನಲ್ಲಿ ಸಿದ್ಧ ಉಡುಪುಗಳ ವ್ಯಾಪಾರ ಆರಂಭಿಸಿದ. ಅದರ ಹೆಸರುವಾಸಿ ಸರಕು ‘ಪಾರ್ಕಾ’ ಎಂಬ ತಲೆಮುಸುಕಿನ ಉದ್ದ ಕೋಟು. ಇದು ದರ್ಜಿಯ ಕಲ್ಪನೆಯಲ್ಲಿ ಹುಟ್ಟಿದ ಫ್ಯಾಷನ್ ಅಲ್ಲ. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದ ಕಾಲದಲ್ಲಿ, ಅಲ್ಲಿನ ಕೊರೆಯುವ ಚಳಿಗೆಂದು ಅಮೆರಿಕದ ಸೇನೆ ರೂಪಿಸಿದ ಕೋಟು ಇದು. ಅದರ ಹಿಂಬದಿ ಮೀನಿನ ಬಾಲದಂತೆ ಸೀಳಿರುತ್ತದೆ. ಆ ಎರಡು ತುದಿಗಳನ್ನು ತೊಡೆಗಳಿಗೆ ಸುತ್ತಿ ಕಟ್ಟಿಕೊಂಡರೆ ಗಾಳಿ ಒಳಗೆ ನುಗ್ಗುವುದಿಲ್ಲ. ಯುದ್ಧ ಮುಗಿದ ಮೇಲೆ ಉಳಿದ ಕೋಟುಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಲಂಡನ್ನಿನ ‘ಮಾಡ್’ ಎಂಬ ಯುವಕರ ಪಂಗಡ 1960ರ ದಶಕದಲ್ಲಿ ಅವನ್ನು ಕೊಂಡು, ಸ್ಕೂಟರ್ ಸವಾರಿಯಲ್ಲಿ ಒಳಗಿನ ಒಳ್ಳೆಯ ಸೂಟು ಕೊಳೆಯಾಗದಿರಲೆಂದು ಮೇಲೆ ತೊಟ್ಟಿತು. ಆ ಯುವಕರ ಸಂಗೀತದ ಜೊತೆಗೆ ಕೋಟೂ ಬೆಳೆಯಿತು. ಅರ್ಧ ಶತಮಾನದ ನಂತರ ಒಬ್ಬ ಗಾಯಕನ ಅಂಗಡಿಯಲ್ಲಿ ಅದು ಹೊಸ ಬೆಲೆಚೀಟಿ ಅಂಟಿಸಿಕೊಂಡು ತೂಗಾಡಿತು.

ಇಲ್ಲಿ ಒಂದು ಕ್ರಮವಿದೆ. ಬಟ್ಟೆಯೊಂದು ಮೊದಲು ಅಗತ್ಯಕ್ಕೆ ಹುಟ್ಟುತ್ತದೆ. ಆಮೇಲೆ ಹುಕುಂ ಆಗಿ ಸಾವಿರಾರು ಮೈಗಳ ಮೇಲೆ ಏರುತ್ತದೆ. ಕೊನೆಗೆ, ಆ ಹುಕುಂ ಸಡಿಲವಾದ ಮೇಲೆ, ಯಾರದೋ ಇಷ್ಟವಾಗಿ ಹಾಡುಗಾರನ ಮೈಗೆ ಬರುತ್ತದೆ. ಅಗತ್ಯ, ಹುಕುಂ, ಇಷ್ಟ ಈ ಮೂರನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡರೆ ನಮ್ಮ ಸೀಮೆಯ ಉಡುಪಿನ ಚರಿತ್ರೆಯೂ ಅರ್ಥವಾಗುತ್ತದೆ.

ಅಗತ್ಯದ ಬಟ್ಟೆ

ದುಡಿಯುವವನ ಬಟ್ಟೆಯಲ್ಲಿ ಒಂದು ಹೊಲಿಗೆಯೂ ಸುಮ್ಮನೆ ಇರುವುದಿಲ್ಲ. ಇಂದು ಕಾಲೇಜು ಹುಡುಗರು ತೊಡುವ ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಗಳಲ್ಲಿ ತಾಮ್ರದ ಚಿಕ್ಕ ಮೊಳೆಗಳಿರುತ್ತವೆ. ಜೇಕಬ್ ಡೇವಿಸ್ ಎಂಬ ದರ್ಜಿ, ಲಿವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿಯ ಜೊತೆ ಸೇರಿ 1873ರಲ್ಲಿ ಅಮೆರಿಕದಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಕೂಲಿಕಾರರ ಜೇಬು ಭಾರಕ್ಕೆ ಹರಿಯಬಾರದೆಂಬುದೇ ಉದ್ದೇಶ. ಈ ಜಾತಿಯ ಬಟ್ಟೆಗಳ ಜಾಗತಿಕ ನಿಘಂಟಿಗೆ ನಮ್ಮ ದೇಶ ಕೊಟ್ಟ ಪದಗಳೂ ಕಡಿಮೆಯಲ್ಲ. ಮುಂಬಯಿಯ ಡೋಂಗ್ರಿಯ ಒರಟು ಬಟ್ಟೆಯಿಂದ ‘ಡಂಗರಿ’ ಬಂತು. ಸಿಪಾಯಿಗಳು ಕಾಲಿಗೆ ಸುತ್ತುತ್ತಿದ್ದ ಪಟ್ಟಿ ಇಂಗ್ಲಿಷಿನಲ್ಲಿ ‘ಪಟೀ’ ಆಯಿತು. ಧೂಳು ಎಂಬ ಅರ್ಥದ ಪರ್ಷಿಯನ್ ಮಾತಿನಿಂದ ‘ಖಾಕಿ’ ಆಯಿತು.

ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಬಟ್ಟೆ ಯಾವುದೆಂದು ಕೇಳಿದರೆ ಮೊದಲು ಹೇಳಬೇಕಾದದ್ದು ಕಂಬಳಿ. ಕುರಿಯ ತುಪ್ಪಟ ಕತ್ತರಿಸಿ, ಹಿಂಜಿ, ನೂತು, ಹುಣಸೆ ಬೀಜದ ಸರಿ ಹಾಕಿ ಬಿಗಿಗೊಳಿಸಿ, ಮಗ್ಗದಲ್ಲಿ ನೇಯ್ದ ಈ ಬಟ್ಟೆ ಕುರಿಗಾಹಿಯ ಪಾಲಿಗೆ ಎಲ್ಲವೂ ಹೌದು. ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆ ಬಂದರೆ ಮೂಲೆ ಮಡಿಸಿ ತಲೆಯ ಮೇಲೆ ಹಾಕಿಕೊಂಡ ಕೊಪ್ಪೆ, ದೇವರ ಕಾರ್ಯಕ್ಕೆ ಗದ್ದುಗೆ. ಕೊರಿಯಾದ ಚಳಿಗೆ ಅಮೆರಿಕದ ಸೇನೆ ಹುಡುಕಿಕೊಂಡ ತಲೆಮುಸುಕಿನ ಉಪಾಯವನ್ನು ನಮ್ಮ ಕುರಿಗಾಹಿಗಳು ಹೊಲಿಗೆಯ ಗೊಡವೆಯಿಲ್ಲದೆ ಎಂದೋ ಸಾಧಿಸಿಕೊಂಡಿದ್ದರು. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿಯ ತಳಿಯಿಂದಲೇ ನಾಡಿಗೆಲ್ಲ ಗೊತ್ತು. ಆದರೆ ಆ ಹೆಸರು ಕೇಳಿದಾಗ ಜನಕ್ಕೆ ನೆನಪಾಗುವುದು ಮಾಂಸದ ರುಚಿಯೇ ಹೊರತು ತುಪ್ಪಟವಲ್ಲ. ಗಿರಣಿಯ ರಗ್ಗು, ಸ್ವೆಟರು ಅಗ್ಗವಾಗಿ ಸಿಗತೊಡಗಿದ ಮೇಲೆ ಕಂಬಳಿಯ ಅಗತ್ಯ ಹೇಗೆ ಕುಗ್ಗಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಳವಳ್ಳಿಯ ಬಯಲಿನಲ್ಲಿ

ಇನ್ನು ಹುಕುಮಿನ ಬಟ್ಟೆ. 1799ರ ಮಾರ್ಚ್ 27ರಂದು ಮಳವಳ್ಳಿಯ ಹತ್ತಿರ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ನೇತೃತ್ವದ ಬ್ರಿಟಿಷ್ ಸೈನ್ಯಕ್ಕೂ ಕಾಳಗ ನಡೆಯಿತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ಆರ್ಥರ್ ವೆಲ್ಲೆಸ್ಲಿ ಅಂದು ಕರ್ನಲ್ ಆಗಿ ಆ ಸೈನ್ಯದಲ್ಲಿದ್ದ. ಟಿಪ್ಪುವಿನ ದಂಡು ಹಿಂದೆ ಸರಿಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಇದು ಶಾಲೆಯ ಪುಸ್ತಕದಲ್ಲಿ ಓದುವ ಚರಿತ್ರೆ.

ಆ ದಿನ ಎದುರುಬದುರಾದ ಬಟ್ಟೆಗಳನ್ನು ಪುಸ್ತಕ ಹೇಳುವುದಿಲ್ಲ. ಇಂಗ್ಲಿಷರ ಕಾಲಾಳುಗಳದು ಕೆಂಪು ಕೋಟು. ಕಂಪನಿಗೆ ದುಡಿಯುತ್ತಿದ್ದ ಮದರಾಸಿನ ದೇಶೀ ಸಿಪಾಯಿಗಳ ಕೋಟೂ ಕೆಂಪೇ. ಟಿಪ್ಪುವಿನ ಶಿಸ್ತಿನ ಕಾಲಾಳುಗಳಿಗೆ ನೇರಳೆ ಬಣ್ಣದ ಮೇಲಂಗಿ. ಅದರ ಮೇಲೆ ಹುಲಿಯ ಮೈಯನ್ನು ನೆನಪಿಸುವ ಬಿಳಿಯ ಗುರುತುಗಳು. ಇಂಗ್ಲಿಷರು ಅದನ್ನು ಹುಲಿಯಂಗಿ ಎಂದೇ ಬರೆದಿಟ್ಟರು. ಎರಡೂ ಕಡೆಯ ಬಟ್ಟೆಯ ಗುರಿ ಒಂದೇ. ದೂರದಿಂದ ನೋಡಿದವನಿಗೆ ಅಲ್ಲೊಬ್ಬ ಮನುಷ್ಯ ಕಾಣಬಾರದು, ಸೈನ್ಯ ಕಾಣಬೇಕು. ಸಮವಸ್ತ್ರದ ಅರ್ಥವೇ ಅದು. ತೊಟ್ಟವನ ಊರು, ಕುಲ, ಹೆಸರು ಎಲ್ಲವನ್ನೂ ಅದು ಗುಂಡಿಯ ಒಳಗೆ ಮುಚ್ಚಿಡುತ್ತದೆ. ದೊರೆಗಳ ಪೋಷಾಕು ವಸ್ತುಸಂಗ್ರಹಾಲಯ ಸೇರುತ್ತದೆ. ಕಾಲಾಳಿನ ಅಂಗಿಯಾದರೋ ತೊಟ್ಟವನೊಂದಿಗೇ ಮಣ್ಣಾಗುತ್ತದೆ, ಇಲ್ಲವೇ ಹರಿದು ಚಿಂದಿಯಾಗುತ್ತದೆ.

ಬಂದೂಕಿನ ಗುರಿ ದೂರ ಹೋಗುತ್ತಿದ್ದಂತೆ ಕೆಂಪು ಬಣ್ಣ ಅಪಾಯಕಾರಿಯಾಯಿತು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ‘ಗೈಡ್ಸ್’ ಪಡೆ ಮಣ್ಣಿನ ಬಣ್ಣದ ಬಟ್ಟೆಯನ್ನು ಬಳಕೆಗೆ ತಂದಿತು. ಖಾಕಿಯ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1850ರ ದಶಕದ ಆರಂಭದಲ್ಲಿ ನೇಯ್ಗೆಯ ಕಾರ್ಖಾನೆ ತೆರೆದಾಗ ಅದರ ಹೊಣೆ ಹೊತ್ತಿದ್ದ ಹಾಲರ್ ಎಂಬಾತ ಖಾಕಿ ಬಣ್ಣ ಹಾಕುವ ವಿಧಾನವನ್ನು ಕಂಡುಕೊಂಡನೆಂದು ಆ ಸೀಮೆಯ ಚರಿತ್ರೆಕಾರರು ಹೇಳುತ್ತಾರೆ. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಭೂಮಿಗಳಲ್ಲೆಲ್ಲ ಖಾಕಿಯದೇ ಆಳ್ವಿಕೆ. ಮುಂದೆ ಅದು ನಮ್ಮಲ್ಲಿ ಪೊಲೀಸರಿಗೆ, ಅಂಚೆಯವರಿಗೆ, ಬಸ್ ಚಾಲಕರಿಗೆ, ಆಟೋ ಓಡಿಸುವವರಿಗೆ, ಒಂದು ಕಾಲಕ್ಕೆ ಎಷ್ಟೋ ಸರ್ಕಾರಿ ಶಾಲೆಯ ಹುಡುಗರ ಚಡ್ಡಿಗೂ ಬಂದು ನಿಂತಿತು.

ಕೆಂಪು ಕೋಟು ಎಲ್ಲಿಗೆ ಹೋಯಿತು?

ಕಾಳಗದ ಕಣದಿಂದ ಹೊರಬಿದ್ದ ಕೆಂಪು ಕೋಟು ಮಾಯವಾಗಲಿಲ್ಲ. ಅದು ಕವಾಯಿತಿಗೆ, ಸಮಾರಂಭಕ್ಕೆ, ಮುಖ್ಯವಾಗಿ ಸೈನ್ಯದ ವಾದ್ಯಗಾರರಿಗೆ ಉಳಿಯಿತು. ದೇಶೀ ಸಂಸ್ಥಾನಗಳ ಅರಸರು ತಮ್ಮ ಅರಮನೆಗಳಲ್ಲಿ ಇಂಥ ಬ್ಯಾಂಡುಗಳನ್ನು ಕಟ್ಟಿದರು. ಮೈಸೂರು ಅರಮನೆಯ ಬ್ಯಾಂಡು ಅವುಗಳಲ್ಲಿ ಪ್ರಸಿದ್ಧವಾದದ್ದು. ಆ ಪರಂಪರೆ ಈಗ ರಾಜ್ಯ ಪೊಲೀಸ್ ಇಲಾಖೆಯ ವಾದ್ಯವೃಂದಗಳಲ್ಲಿ ಮುಂದುವರಿದಿದೆ. ಅಂದರೆ ಅಲ್ಲಿ ನುಡಿಸುವವನು ಸಂಗೀತಗಾರನೂ ಹೌದು, ಪೊಲೀಸನೂ ಹೌದು. ಅರಮನೆಯನ್ನು ನೋಡಿ ಪೇಟೆ ಕಲಿಯಿತು, ಪೇಟೆಯನ್ನು ನೋಡಿ ಹಳ್ಳಿ ಕಲಿಯಿತು. ಮಳವಳ್ಳಿಯ ಬಯಲಿನಲ್ಲಿ ಗುಂಡು ಹಾರಿಸಿದವರ ಕೋಟಿನ ಬಣ್ಣ ಹೀಗೆ ಸುತ್ತಿ ಬಳಸಿ ಮದುವೆಯ ಮೆರವಣಿಗೆಗೆ ಬಂತು.

ಬಟ್ಟೆಯಷ್ಟೇ ಅಲ್ಲ, ವಾದ್ಯಗಳದೂ ಇದೇ ದಾರಿ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನ್ ಬೇರೂರಿದ್ದು ಸೈನ್ಯದ ಬ್ಯಾಂಡುಗಳಲ್ಲಿ. ದಕ್ಷಿಣ ಕನ್ನಡದ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದರು. ವರ್ಷಗಳ ಸಾಧನೆಯಿಂದ ಗಮಕಗಳನ್ನು ಅದರಲ್ಲಿ ಪಳಗಿಸಿ ಕರ್ನಾಟಕ ಸಂಗೀತದ ಕಛೇರಿಗೆ ತಂದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ವಾದ್ಯ ಪರದೇಶದ್ದೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಅವರು ವಾದ್ಯವನ್ನು ತೆಗೆದುಕೊಂಡರು, ಬ್ಯಾಂಡಿನ ಕೋಟನ್ನು ತೆಗೆದುಕೊಳ್ಳಲಿಲ್ಲ. ಪಶ್ಚಿಮದಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆಯಿತು. 1967ರಲ್ಲಿ ‘ಬೀಟಲ್ಸ್’ ತಂಡದವರು ತಮ್ಮ ‘ಸಾರ್ಜೆಂಟ್ ಪೆಪ್ಪರ್’ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಕಣ್ಣು ಕೋರೈಸುವ ಬಣ್ಣದ ರೇಷಿಮೆಯಲ್ಲಿ ಬ್ಯಾಂಡಿನವರ ಉಡುಪು ತೊಟ್ಟು ನಿಂತರು. ತೊಡಲೇಬೇಕೆಂಬ ಹುಕುಂ ಇಲ್ಲದವನು ಸಮವಸ್ತ್ರ ತೊಟ್ಟರೆ ಅದು ಆಟವಾಗುತ್ತದೆ, ಕೆಲವೊಮ್ಮೆ ಯುದ್ಧವನ್ನೇ ಅಣಕಿಸುವ ಆಟ.

ನಮ್ಮ ಬ್ಯಾಂಡ್‌ಸೆಟ್ಟಿನವನ ಸ್ಥಿತಿ ಇವರಾರದೂ ಅಲ್ಲ. ಆ ಕೋಟು ಅವನು ಆರಿಸಿಕೊಂಡದ್ದಲ್ಲ. ಮದುವೆಯ ಮನೆಯವರಿಗೆ ಬೇಕು, ಮಾಲೀಕ ಹೊಲಿಸಿಟ್ಟಿರುತ್ತಾನೆ, ಅಳತೆ ಹೊಂದಿದರೂ ಹೊಂದದಿದ್ದರೂ ಬೇಸಗೆಯ ಬಿಸಿಲಿನಲ್ಲಿ ತೊಡಬೇಕು. ಆದರೂ ಇಲ್ಲೊಂದು ಸೂಕ್ಷ್ಮವಿದೆ. ಹಬ್ಬ, ಸಾವು, ಜಾತ್ರೆಗಳಲ್ಲಿ ತಮಟೆ ಬಡಿದವನಿಗೆ ಊರು ಎಂದೂ ಅಂಗಿ ಹೊಲಿಸಿಕೊಡಲಿಲ್ಲ. ಅವನನ್ನು ಜಾತಿಯಿಂದಲೇ ಕರೆಯಿತು. ಅಂಥ ಮನೆತನಗಳ ಹುಡುಗರೂ ಕ್ಲಾರಿಯೊನೆಟ್ಟು, ಟ್ರಂಪೆಟ್ಟು ಹಿಡಿದು ಕೋಟು ತೊಟ್ಟಾಗ ‘ಬ್ಯಾಂಡ್ ಮಾಸ್ಟರ್’ ಎನಿಸಿಕೊಂಡರು. ಹೆಸರನ್ನು ಮುಚ್ಚುವ ಸಮವಸ್ತ್ರ ಕುಲವನ್ನೂ ಕೊಂಚ ಹೊತ್ತು ಮುಚ್ಚುತ್ತದೆ. ಕೆಲವರ ಪಾಲಿಗೆ ಅದು ಕಳೆದುಕೊಳ್ಳುವುದಲ್ಲ, ಬಿಡುಗಡೆ. ಈ ಮಾತನ್ನು ಮರೆತು ಬ್ಯಾಂಡಿನ ಕೋಟನ್ನು ನೋಡಿ ನಗುವುದು ಸುಲಭ.

ಗೊರವನ ಕಂಬಳಿ

ದುಡಿಮೆಯ ಬಟ್ಟೆ, ದಂಡಿನ ಬಟ್ಟೆ, ಹಾಡುಗಾರನ ಬಟ್ಟೆ ಈ ಮೂರೂ ಒಂದೇ ಮೈಯ ಮೇಲೆ ಸೇರಿರುವುದನ್ನು ನೋಡಬೇಕಾದರೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಮೈಲಾರಲಿಂಗನ ಒಕ್ಕಲಾದ ಗೊರವನನ್ನು ನೋಡಿದರೆ ಸಾಕು. ಕರಿಯ ಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರುಗ, ತುಟಿಗೆ ಪಿಳ್ಳಂಗೋವಿ, ಹೆಗಲಿಗೆ ಭಂಡಾರದ ಚೀಲ. ಮಣಿಕಾಸುರ, ಮಲ್ಲಾಸುರರನ್ನು ಕೊಲ್ಲಲು ಶಿವನೇ ಗೊರವನ ವೇಷದಲ್ಲಿ ಏಳು ಕೋಟಿ ದಂಡು ಕಟ್ಟಿಕೊಂಡು ಬಂದನೆಂಬುದು ಈ ಪರಂಪರೆಯ ಕಥೆ. ‘ಏಳು ಕೋಟಿ’ ಎಂಬ ಉದ್ಘೋಷದ ಹಿನ್ನೆಲೆ ಇದೇ. ಆದ್ದರಿಂದ ಗೊರವನು ತೊಟ್ಟದ್ದು ಕುರಿಗಾಹಿಯ ಕಂಬಳಿಯೂ ಹೌದು, ದೇವರ ದಂಡಿನ ಸಮವಸ್ತ್ರವೂ ಹೌದು. ಕರಡಿಯ ಟೋಪಿಯ ಮಾತು ಬಂದದ್ದರಿಂದ ಒಂದು ಕುತೂಹಲದ ಸಂಗತಿ. ಲಂಡನ್ನಿನ ಅರಮನೆಯ ಮುಂದೆ ಕಾವಲು ನಿಲ್ಲುವ ಸೈನಿಕರ ತಲೆಯ ಮೇಲೂ ಕರಡಿಯ ಚರ್ಮದ ಎತ್ತರದ ಟೋಪಿಯೇ ಇದೆ. ಎರಡು ಸಂಪ್ರದಾಯಗಳಿಗೂ ಒಂದಕ್ಕೊಂದು ನಂಟಿಲ್ಲ. ಆದರೆ ಎದುರಾಳಿಯ ಕಣ್ಣಿಗೆ ಆಳು ಎತ್ತರವಾಗಿ, ಉಗ್ರವಾಗಿ ಕಾಣಬೇಕೆಂಬ ಉಪಾಯ ಇಬ್ಬರಿಗೂ ಹೊಳೆದಿದೆ.

ಗೊರವನ ಉಡುಪಿನಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಕುರಿ ಸಾಕಿದವರು, ತುಪ್ಪಟ ನೂತವರು, ಕಂಬಳಿ ನೇಯ್ದವರು, ಅದನ್ನು ತೊಟ್ಟು ಹಾಡಿ ಕುಣಿದವರು, ಎದುರು ನಿಂತು ಭಂಡಾರ ಹಚ್ಚಿಸಿಕೊಂಡವರು ಇವರೆಲ್ಲ ಬಹುಮಟ್ಟಿಗೆ ಒಂದೇ ಜಗತ್ತಿನವರು. ಅಗತ್ಯದಿಂದ ಕಲೆಯವರೆಗಿನ ಸರಪಳಿಯ ಒಂದು ಕೊಂಡಿಯೂ ಕಳಚಿಲ್ಲ. ಅಂಗಿಯ ಹಿಂದಿನ ಶ್ರಮ ಯಾರದೆಂದು ಅಲ್ಲಿ ಕೇಳುವ ಪ್ರಮೇಯವೇ ಇರಲಿಲ್ಲ.

ಮನಸ್ಸೊಪ್ಪಿ ತೊಟ್ಟ ಸಮವಸ್ತ್ರ

ಇಲ್ಲಿಯವರೆಗೆ ಹೇಳಿದ್ದು ಸಮವಸ್ತ್ರ ಸಡಿಲಗೊಂಡು ಕಲಾವಿದನ ಬಟ್ಟೆಯಾದ ಕಥೆ. ಸಾಮಾನ್ಯ ಬಟ್ಟೆಯೇ ಸಮವಸ್ತ್ರವಾದ ಉದಾಹರಣೆಗಳೂ ಮಂಡ್ಯ ಜಿಲ್ಲೆಯಲ್ಲಿವೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ, ಶಿಂಷಾ ನದಿಯ ಸಮೀಪ, ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು. ನಿಷೇಧವನ್ನು ಮೀರಿ ಚರಕದ ಧ್ವಜ ಹಾರಿಸಿದ ಆ ಧ್ವಜ ಸತ್ಯಾಗ್ರಹ ನಾಡಿನ ಚರಿತ್ರೆಯಲ್ಲಿ ನಿಂತಿದೆ. ಅಲ್ಲಿನ ಧ್ವಜದ ಬಟ್ಟೆಯೂ ಸತ್ಯಾಗ್ರಹಿಗಳ ಮೈಯ ಬಟ್ಟೆಯೂ ಖಾದಿ. ಖಾದಿಗೂ ಖಾಕಿಗೂ ಕಿವಿಗೆ ಕೇಳುವ ವ್ಯತ್ಯಾಸ ಒಂದೇ ಅಕ್ಷರದ್ದು. ಒಂದನ್ನು ಸರ್ಕಾರ ತೊಡಿಸಿತು. ಇನ್ನೊಂದನ್ನು ಜನ ತಾವಾಗಿ ತೊಟ್ಟುಕೊಂಡರು.

1980ರ ನಂತರ ರೈತ ಸಂಘ ಇದೇ ಕೆಲಸವನ್ನು ಇನ್ನೂ ಸರಳವಾಗಿ ಮಾಡಿತು. ಹೊಲದಲ್ಲಿ ಬೆವರೊರೆಸಲು, ತಲೆಗೆ ಸುತ್ತಲು, ಬುತ್ತಿ ಕಟ್ಟಲು ಬಳಸುತ್ತಿದ್ದ ಟವೆಲ್ಲನ್ನು ಹಸಿರು ಬಣ್ಣಕ್ಕೆ ತಿರುಗಿಸಿ ಹೆಗಲಿಗೆ ಹಾಕಿತು. ಕಾವೇರಿ ನೀರಿಗೆ, ಕಬ್ಬಿನ ಬಾಕಿಗೆ ಮಂಡ್ಯದ ರೈತರು ಬೀದಿಗಿಳಿದಾಗೆಲ್ಲ ಕಾಣಿಸಿದ್ದು ಹಸಿರು ಶಾಲು. 2018ರಲ್ಲಿ ತೀರಿಕೊಂಡ ಕೆ.ಎಸ್. ಪುಟ್ಟಣ್ಣಯ್ಯನವರನ್ನು ಆ ಶಾಲಿಲ್ಲದೆ ನೆನೆಯುವುದು ಕಷ್ಟ. ಅಂಗಿ ಪಂಚೆ ಅವರವರದು, ಶಾಲು ಮಾತ್ರ ಎಲ್ಲರದು. ಒಬ್ಬೊಬ್ಬರ ಗುರುತನ್ನೂ ಅಳಿಸದೆ ಒಗ್ಗಟ್ಟನ್ನು ತೋರಿಸುವ ಸಮವಸ್ತ್ರ ಹೀಗಿರಬಹುದು.

ಬೆಲೆ ಯಾರಿಗೆ ಸಲ್ಲಬೇಕು?

ಈಗ ಅಂಗಡಿಯ ಮಾತಿಗೆ ಮರಳೋಣ. ಹಳೆಯ ಸೈನಿಕ ಉಡುಪು, ಕೂಲಿಕಾರರ ಉಡುಪುಗಳ ಮಾದರಿಗೆ ಜಗತ್ತಿನಾದ್ಯಂತ ಬೇಡಿಕೆಯಿದೆ. ಮಾಸಿದಂತೆ, ಸವೆದಂತೆ ಕಾಣಲು ಹೊಸ ಬಟ್ಟೆಯನ್ನು ಕಲ್ಲಿನ ಜೊತೆ ಒಗೆಯುವ ಪದ್ಧತಿಯೂ ಉಂಟು. ದುಡಿಯುವವನ ಬಟ್ಟೆ ಸವೆಯಲು ಎಷ್ಟೋ ವರ್ಷಗಳ ಬೆವರು ಬೇಕು. ಯಂತ್ರ ಅದನ್ನು ಗಳಿಗೆಯಲ್ಲಿ ಸವೆಸಿಕೊಡುತ್ತದೆ. ಇದನ್ನು ತೊಡುವುದು ತಪ್ಪೆಂದು ಹೇಳಲಾಗದು. ಗಟ್ಟಿ ಬಟ್ಟೆ, ಉಪಯುಕ್ತ ಜೇಬು, ವರ್ಷಗಟ್ಟಲೆ ಬಾಳಿಕೆ ಇವು ಒಳ್ಳೆಯ ಗುಣಗಳೇ. ಸೈನಿಕನ ವೇಷದಿಂದ ಮೋಸ ಮಾಡಹೊರಟರೆ ಅದು ಅಪರಾಧ. ಹಳೆಯ ದಂಡ ಸಂಹಿತೆಯೂ 2024ರ ಜುಲೈನಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯೂ ತಾನು ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶಕ್ಕೇ ಶಿಕ್ಷೆ ಹೇಳುತ್ತವೆ. ಕಾನೂನು ನೋಡುವುದು ಅಷ್ಟನ್ನೇ. ಸಂಸ್ಕೃತಿ ಅದಕ್ಕಿಂತ ಹೆಚ್ಚಿನದನ್ನು ಕೇಳಬೇಕಾಗುತ್ತದೆ.

ಕರ್ನಾಟಕದಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ರಂಗ ನಿರ್ದೇಶಕ ಪ್ರಸನ್ನ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಅವರ ಪ್ರಯತ್ನದಿಂದ ಬೆಳೆದ ‘ಚರಕ’ ಮಹಿಳೆಯರ ಸಹಕಾರಿ ಸಂಘ. ಹಳ್ಳಿಯ ಹೆಂಗಸರೇ ಕೈಮಗ್ಗದಲ್ಲಿ ನೇಯ್ದು, ಅಡಿಕೆಯ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕಿ, ಹೊಲಿದ ಜುಬ್ಬಾಗಳು ‘ದೇಸಿ’ ಅಂಗಡಿಗಳ ಮೂಲಕ ಪಟ್ಟಣಗಳಿಗೆ ಬಂದವು. ಒಬ್ಬ ಕಲಾವಿದ ಬಟ್ಟೆಯ ವ್ಯಾಪಾರಕ್ಕೆ ಇಳಿದ ಉದಾಹರಣೆ ನಮ್ಮಲ್ಲೂ ಇದೆ ಎಂದಾಯಿತು. ಆದರೆ ಅಲ್ಲಿ ಅಂಗಿಯ ಮೇಲೆ ಮಾರಾಟವಾಗುತ್ತಿದ್ದದ್ದು ಕಲಾವಿದನ ಹೆಸರಲ್ಲ, ನೇಕಾರರ ಕೆಲಸ. ದಾರಿ ಸುಗಮವಾಗಿರಲಿಲ್ಲ. 2020ರಲ್ಲಿ ‘ಚರಕ’ ತನ್ನ ತೀವ್ರ ಹಣಕಾಸಿನ ಸಂಕಷ್ಟವನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, 2019ರಲ್ಲಿ, ‘ಪ್ರೆಟಿ ಗ್ರೀನ್’ ಕೂಡ ನಷ್ಟದಿಂದ ನಿಲ್ಲಲಾಗದೆ ಬೇರೆ ಕಂಪನಿಯ ಕೈಸೇರಿತ್ತು. ಒಂದು ಕಡೆ ಹೆಸರು ಕೈಬದಲಾಯಿಸಿತು. ಇನ್ನೊಂದು ಕಡೆ ಮಗ್ಗದ ಮುಂದೆ ಕುಳಿತವರ ಅನ್ನದ ಪ್ರಶ್ನೆ ಎದುರಾಯಿತು. ಮಾರುಕಟ್ಟೆಯ ಕಣ್ಣಿಗೆ ಎರಡೂ ಒಂದೇ ಬಗೆಯ ನಷ್ಟ. ನಮ್ಮ ಕಣ್ಣಿಗೂ ಹಾಗೆಯೇ ಕಾಣಬೇಕೆಂದಿಲ್ಲ.

ನಾಳೆ ಮಳವಳ್ಳಿಯದೋ ಮದ್ದೂರಿನದೋ ಒಬ್ಬ ಯುವ ಗಾಯಕ ತನ್ನದೇ ಹೆಸರಿನ ಉಡುಪು ಹೊರತರಬಹುದು. ಕಂಬಳಿಯ ಮೇಲಂಗಿ, ಖಾಕಿಯ ಜೇಬು, ಬ್ಯಾಂಡಿನ ಗುಂಡಿಗಳು ಅದರಲ್ಲಿ ಇರಬಹುದು. ಅದು ಸಂತೋಷದ ಸಂಗತಿಯೇ ಆದೀತು. ಆಗ ಕೊಳ್ಳುವವರು ಬಟ್ಟೆಯ ಅಂದದ ಜೊತೆಗೆ ಇನ್ನೆರಡು ವಿಷಯ ವಿಚಾರಿಸಿದರೆ ಒಳ್ಳೆಯದು. ಆ ಕಂಬಳಿಯನ್ನು ನೇಯ್ದ ಕೈಗೆ ಎಷ್ಟು ಸಂದಿದೆ? ಆ ತುಪ್ಪಟ ಕೊಟ್ಟ ಕುರಿಮಂದೆ ಯಾವ ಊರಿನದು? ಈ ಎರಡಕ್ಕೂ ಅಂಗಡಿಯವನ ಬಳಿ ಉತ್ತರವಿದ್ದರೆ ಅಗತ್ಯದಿಂದ ಇಷ್ಟದವರೆಗಿನ ಸರಪಳಿ ಕೂಡಿಕೊಂಡೇ ಇದೆ ಎಂದು ತಿಳಿಯಬಹುದು. ಉತ್ತರವಿಲ್ಲದಿದ್ದರೆ ಅಂಗಿ ಹಾಡುಗಾರನ ಮೈಗೆ ಬಂದ ಮೇಲೂ ಅದನ್ನು ಮಾಡಿದವರ ಹೆಸರು, ಸಮವಸ್ತ್ರದ ಕಾಲದಲ್ಲಿದ್ದಂತೆಯೇ, ಗುಂಡಿಯ ಒಳಗೆ ಮುಚ್ಚಿಹೋಗಿದೆ ಎಂದೇ ಅರ್ಥ.